ಕೊಟ್ಟರೆ ಬರದ ಗುಲಾಬಿ

ನಮ್ಮ ಕಡೆ ಒಂದು ನಂಬಿಕೆ ಉಂಟು. ಕೇಳಿ ಈಸಿಕೊಂಡ ಗಿಡ ಬೇರು ಬಿಡುವುದಿಲ್ಲ, ಕದ್ದು ತಂದದ್ದು ಬಿಡುತ್ತದೆ. ದೊಡ್ಡಪತ್ರೆ, ಕನಕಾಂಬರ, ವೀಳ್ಯದೆಲೆ ಬಳ್ಳಿ, ಯಾವುದಾದರೂ ಸರಿ. ಮಕ್ಕಳು ಪಕ್ಕದ ಮನೆಯ ಸೀಬೆಕಾಯಿ ಕಿತ್ತರೆ ಬೆನ್ನಿಗೆ ಬಾರಿಸುವ ಹೆಂಗಸರೇ ಅದೇ ಮನೆಯ ಗಿಡದ ಕೊಂಬೆಯನ್ನು ಸೆರಗಿನಡಿ ಮುರಿದುಕೊಂಡು ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುತ್ತಿದ್ದರು. ಅದು ಕಳ್ಳತನ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಗಿಡದ ಯಜಮಾನಿಗೂ ಅನ್ನಿಸುತ್ತಿರಲಿಲ್ಲ, ಯಾಕೆಂದರೆ ಅವಳ ಗಿಡವೂ ಹಾಗೇ ಬಂದದ್ದು. ನಾನು ಶಿವನನ್ನು ನಂಬಿದವಳು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದವಳಲ್ಲ. ಈ ಒಂದು ವಿಷಯದಲ್ಲಿ ಅವನೂ ನಮ್ಮ ಕಡೆಯೇ ಎಂದು ನನಗೆ ಖಾತ್ರಿಯಾದದ್ದು ಒಂದು ಗುಲಾಬಿ ಬಳ್ಳಿಯಿಂದ.

ಬಳ್ಳಿ ಇದ್ದದ್ದು ಗುಂಡ್ಲುಪೇಟೆಯಲ್ಲಿ, ನನ್ನ ತವರಿನಲ್ಲಿ. ಊಟಿ ರಸ್ತೆಗೆ ಮುಖ ಮಾಡಿದ ಮನೆ. ಮುಂದೆ ಅಂಗಳ, ಅಂಗಳಕ್ಕೆ ಮಣ್ಣಿನ ಗೋಡೆ, ಗೋಡೆಯ ಉದ್ದಕ್ಕೂ ಮಲಗಿಕೊಂಡ ಹಾಗೆ ಹಬ್ಬಿದ ಬಳ್ಳಿ. ಬುಡ ನನ್ನ ಮುಂಗೈ ದಪ್ಪ. ಮಳೆ ಮುಗಿದು ಚಳಿ ಹುಟ್ಟಿತೆಂದರೆ ಗೋಡೆಯೇ ಕಾಣದ ಹಾಗೆ ಗೊಂಚಲು ಗೊಂಚಲು ಹೂವು. ಬೊಂಬಾಯಿ ಮಿಠಾಯಿಯ ಬಣ್ಣ, ಬಿಸಿಲು ಬಿದ್ದ ಮೇಲೆ ಅಂಚು ಬೆಳ್ಳಗೆ. ಒಂದೊಂದು ಹೂವಿನೊಳಗೆ ಎಸಳು ಎಷ್ಟೆಂದರೆ, ಸಂತೆ ದಿನದ ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದುಕೊಂಡ ಹಾಗೆ. ವಾಸನೆ ಇತ್ತು, ಆದರೆ ಮೂಗು ಒಳಗಿಟ್ಟರೆ ಮಾತ್ರ. ಮೂಗು ಇಟ್ಟರೆ ಇರುವೆಯೂ ಇತ್ತು.

ಅದನ್ನು ತಂದವರು ನಮ್ಮ ತಾತ. ಬಂಡೀಪುರದ ಕಾಡಿನಲ್ಲಿ ಗಾರ್ಡ್ ಕೆಲಸದಲ್ಲಿದ್ದಾಗ ಯಾವುದೋ ದೊರೆಸಾನಿಯ ಬಂಗಲೆಯ ಕಂಬದಿಂದ ಮುರಿದು, ಪೇಟದೊಳಗೆ ಸುತ್ತಿಕೊಂಡು ಬಂದರಂತೆ. ಪೇಟದೊಳಗಿನ ಮುಳ್ಳು ಹಣೆಯ ಮೇಲೆ ಗೀರಿದ್ದು ಸಾಯುವ ತನಕ ಗುರುತಾಗಿ ಉಳಿಯಿತು. ಅದನ್ನು ಅವರು ಊರವರಿಗೆ ಹುಲಿ ಪರಚಿದ್ದು ಎಂದು ಹೇಳಿಕೊಂಡು ಗೌರವದಿಂದ ಬದುಕಿದರು. ಮನೆಯಲ್ಲಿ ಬಳ್ಳಿಗೆ ದೊರೆಸಾನಿ ಎಂದೇ ಹೆಸರು. ‘ದೊರೆಸಾನಿಗೆ ನೀರು ಹಾಕ್ದೇನಮ್ಮಿ?’ ಎಂದು ನಮ್ಮವ್ವ ದಿನಾ ಕೇಳುವಳು. ಅಕ್ಕಿ ತೊಳೆದ ನೀರು, ಕಾಫಿಯ ಚರಟ, ಕೊಟ್ಟಿಗೆಯ ಗಂಜಲ, ಎಲ್ಲ ದೊರೆಸಾನಿಗೇ. ಅಪ್ಪ ಹೋದ ಮೇಲಂತೂ ಅವ್ವ ನಮ್ಮ ಹತ್ತಿರ ಆಡಿದ್ದಕ್ಕಿಂತ ಹೆಚ್ಚು ಮಾತು ಬಳ್ಳಿಯ ಹತ್ತಿರ ಆಡಿದಳು. ಅದು ಎದುರಾಡುತ್ತಿರಲಿಲ್ಲ, ಅದೇ ಕಾರಣ.

ಸ್ವಾತಂತ್ರ್ಯ ಬಂದ ಐದಾರು ವರ್ಷಕ್ಕೆ ನನ್ನನ್ನು ಚಾಮರಾಜನಗರಕ್ಕೆ ಕೊಟ್ಟರು. ಗಂಡನ ಮನೆಯವರದು ದಿನಸಿ ಅಂಗಡಿ, ಚಂದಕವಾಡಿ ಹತ್ತಿರ ಒಂದಷ್ಟು ಹೊಲ. ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ, ಗಂಡ ಕುಡಿಯುವವನಲ್ಲ, ಬಾವಿ ಹಿತ್ತಲಲ್ಲೇ ಇದೆ. ಇಷ್ಟು ಕೊಟ್ಟ ಶಿವನಿಗೆ ಕೈಮುಗಿದು ಒಳಗೆ ಕಾಲಿಟ್ಟರೆ, ಅವನು ನಮ್ಮತ್ತೆಯನ್ನೂ ಕೊಟ್ಟಿದ್ದ.

ಅತ್ತೆ ಮಹಾ ಶಿವಭಕ್ತೆ. ಹಣೆ ತುಂಬ ವಿಭೂತಿ. ಆದರೆ ಇಡೀ ಬೀದಿಯಲ್ಲಿ ಅವರಂಥ ಹೂಗಳ್ಳಿ ಇನ್ನೊಬ್ಬರಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು ಹಿಡಿದು ಹೊರಡುವರು. ಯಾರ ಮನೆಯ ಕಣಗಿಲೆ, ಯಾರ ಮನೆಯ ದಾಸವಾಳ, ಎಲ್ಲ ಅವರ ಬುಟ್ಟಿಗೆ. ಒಮ್ಮೆ ಎದುರು ಮನೆಯಾಕೆ ಕಿಟಕಿಯಿಂದಲೇ, ‘ಅವ್ವಾ, ನಮ್ಮ ದೇವ್ರಿಗೂ ಒಂದೆರಡು ಬುಡಿ’ ಎಂದು ಕೂಗಿದಳು. ಅತ್ತೆ ತಿರುಗಿಯೂ ನೋಡದೆ, ‘ನಿಮ್ಮ ದೇವ್ರೂ ನಮ್ಮ ದೇವ್ರೂ ಒಬ್ನೇ ಕಣವ್ವ. ಯಾರ ಮನೇಲಿ ಮುಡ್ಸುದ್ರೇನು?’ ಅಂದರು. ಇದಕ್ಕೆ ಯಾವ ಸ್ವಾಮಿಗಳು ತಾನೇ ಉತ್ತರ ಕೊಟ್ಟಾರು?

ಇನ್ನೊಂದು ಸಂಗತಿ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ನಮ್ಮತ್ತೆಗೂ ನಮ್ಮವ್ವನಿಗೂ ಮಾತಿರಲಿಲ್ಲ. ಮದುವೆಯ ಬೀಗರೂಟದ ದಿನ ಅತ್ತೆ ಎಲೆಯ ಮುಂದೆ ಕೂತು, ‘ಬೀಗರ ಮನೆ ತುಪ್ಪ ಹುಡುಕ್ಬೇಕಾದ್ರೆ ಕನ್ನಡಕ ಹಾಕ್ಕಬೇಕು’ ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದರಂತೆ. ಒಬ್ಬಟ್ಟಿನ ತಟ್ಟೆ ಹಿಡಿದಿದ್ದ ಅವ್ವ, ‘ಹುಡುಕೋ ಕಣ್ಣಿಗೆ ಯಾವತ್ತೂ ಹೊಟ್ಟೆ ತುಂಬಕಿಲ್ಲ’ ಎಂದಳಂತೆ. ಮುಗಿಯಿತು. ಅಂದಿನಿಂದ ಒಂದೇ ಕೋಣೆಯಲ್ಲಿ ಕೂತರೂ ಇಬ್ಬರ ಮಾತು ನನ್ನ ಮೂಲಕ, ನಾನಿಲ್ಲದಿದ್ದರೆ ಕಂಬದ ಮೂಲಕ. ‘ಹೇಳಮ್ಮಿ ನಿಮ್ಮವ್ವಂಗೆ, ಕಾಫಿಗೆ ಸಕ್ಕರೆ ಸಾಲ್ದು.’ ‘ಹೇಳಮ್ಮಿ ನಿಮ್ಮತ್ತೆಗೆ, ಸಕ್ಕರೆ ಸರಿಯಾಗೇ ಅದೆ, ಕದಡ್ಕಂಡು ಕುಡೀಬೇಕು.’ ನನಗೆ ಅಂಚೆಯಣ್ಣನ ಕೆಲಸ, ಸಂಬಳವಿಲ್ಲ.

ಹೀಗಿರುವಾಗ ನಮ್ಮಣ್ಣನಿಗೆ ಲಾರಿಯ ಹುಚ್ಚು ಹಿಡಿಯಿತು. ಊಟಿಗೆ ತರಕಾರಿ, ಅಲ್ಲಿಂದ ಆಲೂಗಡ್ಡೆ, ಹೋಗ್ತಾ ಬರ್ತಾ ಬಿದಿರು ಎಂದು ಅವನ ಲೆಕ್ಕ. ಲಾರಿ ಇನ್ನೂ ಯಾವ ಊರಿನಲ್ಲಿತ್ತೋ ದೇವರಿಗೇ ಗೊತ್ತು. ಅದು ಬಂದರೆ ಅಂಗಳದೊಳಗೆ ನಿಲ್ಲಬೇಕಲ್ಲ, ಅದಕ್ಕೆ ಗೋಡೆ ಒಡೆದು ದೊಡ್ಡ ಗೇಟು ಇಡಬೇಕು ಎಂದು ತೀರ್ಮಾನವಾಯಿತು. ದಸರಾಕ್ಕೆ ಲಾರಿ, ಗೌರಿ ಹಬ್ಬದ ಒಳಗೆ ಗೋಡೆ ಕೆಡವುವುದು. ಬಳ್ಳಿಯನ್ನು ಬುಡಸಮೇತ ಎತ್ತಿ ಬೇರೆ ಕಡೆ ನೆಡೋಣವೆಂದರೆ ಅದರ ಬೇರು ಗೋಡೆಯ ಪಾಯದೊಳಗೇ ಹೋಗಿ ಕೂತಿತ್ತು. ‘ಒಂದು ಹೂವಿನ ಬಳ್ಳಿಗೋಸ್ಕರ ಲಾರಿ ಬಿಡಕ್ಕಾಯ್ತದಾ?’ ಅಂದ ಅಣ್ಣ. ಅವ್ವ ಅಳುವವಳಲ್ಲ. ‘ಮಾಡಪ್ಪ’ ಎಂದಳು. ಆದರೆ ಆಗ ತವರಿಗೆ ಹೋಗಿದ್ದ ನಾನು ನೋಡಿದೆ: ಬೆಳಿಗ್ಗೆ ನೀರು ಹಾಕಿದ್ದನ್ನು ಮರೆತವಳ ಹಾಗೆ ಅವಳು ಸಂಜೆಯೂ ದೊರೆಸಾನಿಗೆ ನೀರು ಹಾಕುತ್ತಿದ್ದಳು.

ಅದರ ಒಂದು ಕಡ್ಡಿಯಾದರೂ ಎಲ್ಲಾದರೂ ಬದುಕಲೇಬೇಕು ಎಂದು ನಾನು ಹಟ ಹಿಡಿದೆ. ಚಾಮರಾಜನಗರದ ನಮ್ಮ ಬಾವಿಕಟ್ಟೆಯ ಪಕ್ಕ ಜಾಗವಿತ್ತು. ಅವ್ವ ಮೊದಲು ಬಸ್ಸಿನ ಕಂಡಕ್ಟರನ ಕೈಲಿ ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಕಳಿಸಿದಳು. ತುದಿಗೆ ಸಗಣಿ ಉಂಡೆ ಮೆತ್ತಿ ನೆಟ್ಟೆವು. ಒಣಗಿತು. ಆಮೇಲೆ ನಾನೇ ಹೋಗಿ ತಂದೆ. ಅದೂ ಒಣಗಿತು. ಮತ್ತೊಂದು ಸಲ ಅವ್ವ ತನ್ನ ಅಂಗಳದ ಕೆಮ್ಮಣ್ಣನ್ನೇ ಗಂಟು ಕಟ್ಟಿ ಜೊತೆಗೆ ಕೊಟ್ಟಳು. ಮಣ್ಣು ಉಳಿಯಿತು, ಕಡ್ಡಿ ಹೋಯಿತು. ನಾವೇನು ಅದನ್ನು ಅಲಕ್ಷ್ಯ ಮಾಡಿದವರಲ್ಲ. ದಿನಾ ಬೆಳಿಗ್ಗೆ ಅತ್ತೆ ಅದನ್ನು ಮಣ್ಣಿನಿಂದ ಮೇಲಕ್ಕೆಳೆದು ಬೇರು ಬಂತೇ ಎಂದು ನೋಡಿ ಮತ್ತೆ ಚುಚ್ಚುವರು. ಮಧ್ಯಾಹ್ನ ನಾನು ನೋಡುವೆನು. ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಯಜಮಾನರೂ ಒಂದು ಸಲ ಎಳೆದು ನೋಡಿ, ‘ಇನ್ನೂ ಇಲ್ಲ’ ಎಂದು ವರದಿ ಒಪ್ಪಿಸುವರು. ಇಷ್ಟು ಕಾಳಜಿ ಮಾಡಿದರೂ ಬರಲಿಲ್ಲ ನೋಡಿ!

ಅತ್ತೆ ಕೊನೆಗೆ ತೀರ್ಪು ಕೊಟ್ಟರು. ‘ಅಮ್ಮಿ, ನಿಮ್ಮವ್ವ ಮನಸಾರೆ ಕೊಟ್ಬುಟ್ಟವ್ಳೆ ಕಣ. ಅದ್ಕೇ ಸತ್ತೋಯ್ತದೆ.’

‘ಮನಸಾರೆ ಕೊಟ್ರೆ ಒಳ್ಳೇದಲ್ವಾ ಅತ್ತೆಮ್ಮ?’

‘ಮನುಷ್ಯರಿಗೆ ಒಳ್ಳೇದು. ಗಿಡುಕ್ಕಲ್ಲ.’

ಈ ಮಾತನ್ನು ನಾನು ಅವ್ವನಿಗೆ ತಲುಪಿಸಿದೆ, ಅಂಚೆಯವಳಲ್ಲವೇ. ಅವ್ವ ಉರಿದುಬಿದ್ದಳು. ‘ಅಂದು ಕೈ ಬಿಗಿ ಅಂದ್ಲು, ಇಂದು ಕೈ ಧಾರಾಳ ಅಂತಾಳೆ. ಯಾವ್ದಾದ್ರೂ ಒಂದು ಬೈಗುಳದ ಮೇಲೆ ನಿಲ್ಲಾಕೆ ಹೇಳು ನಿಮ್ಮತ್ತೆಗೆ!’

ಅಷ್ಟರಲ್ಲಿ ಶ್ರಾವಣ ಬಂತು. ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕರೆ ಬಂತು. ಗೌರಿ ಹಬ್ಬಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ, ಗೋಡೆಗೂ. ತೀರ ಅನಿವಾರ್ಯವಾಗದೆ ಬೀಗರ ಮನೆಯ ಹೊಸಿಲು ತುಳಿಯದ ಅತ್ತೆ, ‘ಓಗನ ನಡಿ, ನಾನೂ ಬತ್ತೀನಿ’ ಎಂದು ಸೀರೆ ಮಡಚತೊಡಗಿದರು. ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಯಿಟ್ಟು ಅವರ ಶಾಸ್ತ್ರವನ್ನೆಲ್ಲ ಹೇಳಿಕೊಟ್ಟರು. ಕದಿಯುವಾಗ ಮಾತಾಡಬಾರದು, ಶಿವನ ಹೆಸರು ಬೇಕಾದರೆ ಹೇಳಬಹುದು. ಗಿಡದ ಯಜಮಾನಿ ನೋಡಬಾರದು. ಅವಳು ನೋಡಿ ಸುಮ್ಮನಿದ್ದರೆ ಅದು ಕೊಟ್ಟ ಹಾಗೆ, ಎಲ್ಲ ದಂಡ. ತಂದು ನೆಟ್ಟ ಮೇಲೆ ಅದು ಚಿಗುರುವ ತನಕ ಯಾರೂ ಕಣ್ಣು ಹಾಕಬಾರದು.

‘ನಾಳೆ ಶ್ರಾವಣ ಸೋಮವಾರ ಅತ್ತೆಮ್ಮ. ನೀವು ಉಪವಾಸ ಬೇರೆ.’

‘ಒಳ್ಳೇದೇ ಆಯ್ತಲ್ಲ. ದೇವ್ರ ದಿನ ದೇವ್ರ ಕೆಲ್ಸ.’

ಮಾರನೆಯ ದಿನ ಬೆಳಕು ಹರಿಯುವ ಹೊತ್ತು. ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅತ್ತೆ ನನ್ನನ್ನು ಜಗಲಿಯ ಮೇಲೆ ಕಾವಲಿಗೆ ನಿಲ್ಲಿಸಿ, ‘ಯಾರಾದ್ರೂ ಬಂದ್ರೆ ಕೆಮ್ಮು’ ಅಂದು, ಎಲೆಯಡಿಕೆ ಚೀಲದಿಂದ ಅಡಕೆಕತ್ತರಿ ತೆಗೆದುಕೊಂಡು ಅಂಗಳಕ್ಕಿಳಿದರು. ದೊರೆಸಾನಿಯ ಮುಳ್ಳು ಕೊಕ್ಕೆಯ ಹಾಗೆ ಬಾಗಿದ ಮುಳ್ಳು. ಒಳಗೆ ಹೋಗುವಾಗ ದಾರಿ ಬಿಡುತ್ತದೆ, ಹೊರಗೆ ಬರುವಾಗ ಹಿಡಿಯುತ್ತದೆ, ಥೇಟು ನಮ್ಮ ಸರ್ಕಾರಿ ಕಚೇರಿಗಳ ಹಾಗೆ. ಅತ್ತೆಗೆ ಇದು ತಿಳಿಯದು. ಅವರ ಅನುಭವವೆಲ್ಲ ಕಣಗಿಲೆ ದಾಸವಾಳದ್ದು. ತಲೆ ತೂರಿಸಿ ಒಳಗೆ ನುಗ್ಗಿದರು. ಆಮೇಲೆ ಬಳ್ಳಿ ಅಲ್ಲಾಡಿತು. ಮತ್ತೆ ಅಲ್ಲಾಡಿತು. ಆಮೇಲೆ ಅಲ್ಲಾಡುವುದೂ ನಿಂತುಹೋಯಿತು. ನೋಡಿದರೆ ಸೆರಗನ್ನು ಒಂದು ಕೊಂಬೆ ಹಿಡಿದಿದೆ, ತುರುಬನ್ನು ಇನ್ನೊಂದು, ಎಡತೋಳನ್ನು ಮತ್ತೊಂದು. ಕೂಗುವ ಹಾಗಿಲ್ಲ. ‘ಶಿವಾ’ ಅಂದರು, ಮೆಲ್ಲಗೆ.

ಅದೇ ಹೊತ್ತಿಗೆ ಕೊಟ್ಟಿಗೆಯ ಕಡೆಯಿಂದ ಅವ್ವ ಸಗಣಿ ನೀರಿನ ಬಕೀಟು ಹಿಡಿದು ಅಂಗಳಕ್ಕೆ ಬಂದಳು. ನಾನು ಕೆಮ್ಮಿದೆ. ಅವ್ವ ಬರುತ್ತಲೇ ಇದ್ದಳು. ಇನ್ನೂ ಜೋರಾಗಿ ಕೆಮ್ಮಿದೆ.

‘ಮೆಣಸಿನ ಕಷಾಯ ಕುಡ್ಯಮ್ಮಿ’ ಅಂದಳು ಅವ್ವ, ಅಂದು ತಲೆಯೆತ್ತಿದಳು.

ಕಂಡಳು. ನಾನು ಅವಳು ಕಂಡದ್ದನ್ನು ಕಂಡೆ. ಬೀಗಿತ್ತಿ ತನ್ನ ಬಳ್ಳಿಯೊಳಗೆ, ಎರಡು ಕೈ ಮೇಲೆತ್ತಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಲೆಗೆ ಬಿದ್ದ ಹುಂಜದ ಹಾಗೆ ನಿಂತಿದ್ದಾರೆ. ತುಪ್ಪದ ಮಾತಿಗೆ ಉತ್ತರ ಕೊಡಲು ಶಿವ ಇದಕ್ಕಿಂತ ಒಳ್ಳೆಯ ಗಳಿಗೆ ಕೊಡಲಾರ. ಒಂದು ಕೂಗು ಹಾಕಿದರೆ ಸಾಕು, ತೊಟ್ಟಿಲಿಗೆ ಬಂದ ನೆಂಟರೆಲ್ಲ ಎದ್ದು ಬಂದಾರು. ನನಗಿದ್ದದ್ದು ಅತ್ತೆಯ ಮಾನದ ಚಿಂತೆಯಲ್ಲ. ಮಾನ ಮತ್ತೆ ಬೆಳೆಯುತ್ತದೆ. ಅವ್ವ ಬಾಯಿಬಿಟ್ಟರೆ ಕಡ್ಡಿ ಹೋಯಿತು, ದೊರೆಸಾನಿಯ ಕಥೆ ಅಲ್ಲಿಗೆ ಮುಗಿಯಿತು.

ಅವ್ವ ಬಕೀಟು ಕೆಳಗಿಟ್ಟಳು. ನಿಧಾನವಾಗಿ ಬೆನ್ನು ತಿರುಗಿಸಿದಳು. ಮುಖ ರಸ್ತೆಯ ಕಡೆ, ಕಣ್ಣು ಆಕಾಶದ ಕಡೆ. ಹಾಗೇ ಎರಡು ಕೈಯನ್ನೂ ಹಿಂದಕ್ಕೆ ಚಾಚಿಕೊಂಡು, ಕುರುಡಿಯ ಹಾಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದು ಬಳ್ಳಿ ಮುಟ್ಟಿದಳು. ಬೆರಳಿನಿಂದಲೇ ತಡವಿ ತಡವಿ ಸೆರಗಿನ ಮುಳ್ಳು ಬಿಡಿಸತೊಡಗಿದಳು.

‘ಶಿವಾ’ ಅಂದರು ಅತ್ತೆ. ಸ್ವಲ್ಪ ಎಡಕ್ಕೆ ಎಂದು ಅದರ ಅರ್ಥ.

‘ಶಿವಾ?’ ಅಂದಳು ಅವ್ವ. ಇಲ್ಲಾ?

‘ಶಿವಶಿವಾ!’ ಅಲ್ಲ, ಅದು ನನ್ನ ಕಿವಿ.

ಅವ್ವನ ಬೆರಳಿಗೆ ಮುಳ್ಳು ಚುಚ್ಚಿತು. ‘ಶಿವನೇ!’ ಎಂದು ಹಲ್ಲು ಕಚ್ಚಿದಳು. ಅತ್ತೆ ‘ಶಿವ ಶಿವ ಶಿವ’ ಎಂದು ಮರುಗಿದರು. ಆಗಲೇ ಎದ್ದು ಬಾವಿಗೆ ಹೊರಟಿದ್ದ ನೆಂಟರ ಹೆಂಗಸೊಬ್ಬಳು ಜಗಲಿಯಿಂದ ಇದನ್ನು ಕೇಳಿ, ‘ಏನು ಭಕ್ತಿ ಅಂತೀನಿ! ಬೀಗಿತ್ತೀರಿಬ್ಬರೂ ಸೇರ್ಕಂಡು ಶ್ರಾವಣ ಸೋಮವಾರದ ಜಪ ಮಾಡ್ತಾವ್ರೆ’ ಎಂದು ಕೈಮುಗಿದು ಹೋದಳು. ಅಷ್ಟು ಮನಸ್ಸಿಟ್ಟು ಇಬ್ಬರೂ ಅವನನ್ನು ಕರೆದದ್ದು ಅದೇ ಮೊದಲು, ಆ ಮಾತು ಸುಳ್ಳಲ್ಲ.

ಬಿಡುಗಡೆಯಾಯಿತು. ಆದರೆ ಅವ್ವ ಮನೆಯೊಳಗೆ ಹೋಗಲಿಲ್ಲ. ರಸ್ತೆಯ ಕಡೆಗೇ ಮುಖ ಮಾಡಿ, ಗೂಟಕ್ಕೆ ಕಟ್ಟಿದ್ದ ಹಸುವಿನ ಮುಂದೆ ನಿಂತು ಅದಕ್ಕೆ ಬುದ್ಧಿ ಹೇಳತೊಡಗಿದಳು. ‘ಅಲ್ಲ ಕಣವ್ವ, ಎಳೇ ಚಿಗುರು ಮುರ್ಕಂಡ್ರೆ ಏನ್ ಬಂದದು? ಹೋದ ಸಲ ಹೂ ಬುಟ್ಟ ಕಡ್ಡಿ ಬೇಕು. ಪೆನ್ಸಿಲ್ ದಪ್ಪ ಇರ್ಬೇಕು. ಅಂಥವು ಗೋಡೆ ಮೂಲೇಲಿ ಅವೆ.’ ಹಸು ಮೆಲುಕು ಹಾಕುತ್ತಿತ್ತು. ಅತ್ತೆ ಕೈಯಲ್ಲಿದ್ದ ಎಳೆಯ ಚಿಗುರನ್ನು ಕೆಳಗೆ ಹಾಕಿ ಮೂಲೆಗೆ ಸರಿದರು. ಅಡಕೆಕತ್ತರಿ ಕಟಕ್ ಕಟಕ್ ಎಂದಿತು. ಕಡ್ಡಿಗಳು ಸೆರಗಿನೊಳಗೆ ಸೇರಿದ ಮೇಲೆ, ಇನ್ನು ಮಾತಾಡಬಹುದು ಎಂದು ಖಾತ್ರಿ ಮಾಡಿಕೊಂಡು, ಅವರೂ ಹಸುವಿನ ಕಡೆಗೇ ತಿರುಗಿ, ‘ಈ ಮನೆ ಹಸ ಬುದ್ವಂತೆ ಕಣ’ ಅಂದರು. ಮದುವೆಯಾದ ಮೇಲೆ ನನ್ನ ತವರಿನ ಯಾವುದಾದರೂ ಜೀವವನ್ನು ಅವರು ಹೊಗಳಿದ್ದು ಅದೇ ಮೊದಲು.

ತಿಂಡಿಯ ಹೊತ್ತಿಗೆ ಅಣ್ಣನ ಕಣ್ಣು ಅತ್ತೆಯ ತೋಳಿನ ಮೇಲೆ ಬಿತ್ತು. ‘ಏನ್ ಅತ್ತೆಮ್ಮ ಇದು, ಗೀರು?’

‘ಬೆಕ್ಕು ಪರಚ್ತು ಕಣಪ್ಪ.’

‘ನಮ್ಮನೇಲಿ ಬೆಕ್ಕೆಲ್ಲದೆ?’

‘ಬಂದದೆ’ ಅಂದಳು ಅವ್ವ. ‘ನೀನು ಉಪ್ಪಿಟ್ಟು ತಿನ್ನು.’

ಅಣ್ಣ ಅವ್ವನ ಬೆರಳು ನೋಡಿದ. ‘ನಿಂಗೂ ಪರಚ್ತಾ?’

‘ಅದೇ ಬೆಕ್ಕು.’

ತಾತನ ಕಾಲಕ್ಕೆ ಹುಲಿ, ಇವರ ಕಾಲಕ್ಕೆ ಬೆಕ್ಕು. ನಮ್ಮ ವಂಶದ ಮೃಗಗಳು ಚಿಕ್ಕವಾಗುತ್ತಾ ಬಂದದ್ದನ್ನು ನೆನೆದು ನಾನು ನೀರು ಕುಡಿಯುವ ನೆವದಲ್ಲಿ ಲೋಟದೊಳಗೆ ನಕ್ಕೆ. ಹೊರಡುವಾಗ ಅವ್ವ, ಬಾಳೆಲೆಯಿಂದ ಬಾಯಿ ಕಟ್ಟಿದ ತುಪ್ಪದ ತಂಬಿಗೆಯೊಂದನ್ನು ನನ್ನ ಕೈಗೆ ಕೊಟ್ಟಳು. ‘ಹೇಳಮ್ಮಿ ನಿಮ್ಮತ್ತೆಗೆ. ಕನ್ನಡಕ ಇಲ್ದೇನೂ ಕಾಣ್ತದೆ ಅಂತ.’ ಪಕ್ಕದಲ್ಲೇ ನಿಂತಿದ್ದ ಅತ್ತೆ, ‘ಹೇಳಮ್ಮಿ ನಿಮ್ಮವ್ವಂಗೆ, ಕಾಣ್ತಾ ಅದೆ’ ಅಂದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅತ್ತೆ ಕೂರಲಿಲ್ಲ. ಕಡ್ಡಿಗಳನ್ನು ಸೊಂಟಕ್ಕೆ, ಸೀರೆಯ ಒಳಮಡಿಕೆಗೆ ಸಿಕ್ಕಿಸಿಕೊಂಡಿದ್ದರು. ‘ಕೂತ್ಕಳವ್ವಾ, ಸೀಟದೆ’ ಎಂದ ಕಂಡಕ್ಟರು. ‘ಬ್ಯಾಡ ಕಣಪ್ಪ, ಇವತ್ತು ನಿಂತ್ಕಳ ವ್ರತ’ ಅಂದರು. ಕಂಡಕ್ಟರನಿಗೆ ಎಷ್ಟು ಭಕ್ತಿ ಉಕ್ಕಿತೆಂದರೆ ತೆರಕಣಾಂಬಿ ದಾಟುವವರೆಗೂ ಡ್ರೈವರನಿಗೆ ‘ಮೆಲ್ಲಗೆ ಓಡ್ಸಲಾ, ವ್ರತದವ್ರು ನಿಂತವ್ರೆ’ ಎಂದು ಕೂಗುತ್ತಲೇ ಇದ್ದ. ಪ್ರತಿ ಗುಂಡಿಗೂ ಅತ್ತೆ ಶಿವನನ್ನು ಕರೆದರು.

ಬಾವಿಕಟ್ಟೆಯ ಪಕ್ಕ ಮೂರು ಕಡ್ಡಿ ನೆಟ್ಟು, ತುದಿಗೆ ಸಗಣಿ ಮೆತ್ತಿ, ಮೇಲೆ ಕಂಠ ಒಡೆದ ಹಳೆಯ ಮಡಕೆಯೊಂದನ್ನು ಅತ್ತೆ ಕವುಚಿ ಹಾಕಿದರು. ಎಳೆದು ನೋಡುವ ಮಾತಿರಲಿ, ಹತ್ತಿರ ಸುಳಿಯಲೂ ಯಾರನ್ನೂ ಬಿಡಲಿಲ್ಲ. ಸಂಜೆ ಯಜಮಾನರು ಅಭ್ಯಾಸಬಲದಿಂದ ಕೈ ಹಾಕಲು ಹೋಗಿ ಬೈಸಿಕೊಂಡರು.

‘ಗಾಳಿ ಬೆಳಕಿಲ್ದೆ ಸತ್ತೋಯ್ತದೆ ಕಣವ್ವ.’

‘ಕದ್ದ ಮಾಲ ಗಾಳಿಗೆ ಇಡ್ತಾರೇನ್ಲಾ?’

ನಾನು ಮಡಕೆಯ ಸುತ್ತ ನೀರು ಹಾಕಿ ಬರುತ್ತಿದ್ದೆ, ಅಷ್ಟೇ. ಪೂಜೆಗೆ ಕೂತಾಗ ಮಾತ್ರ ಶಿವನೊಂದಿಗೆ ಚೌಕಾಸಿ ಮಾಡುತ್ತಿದ್ದೆ. ‘ಅಪ್ಪಾ, ಕದ್ದದ್ದು ಎಂದು ಕೋಪ ಮಾಡಿಕೊಳ್ಳಬೇಡ. ನಿನ್ನ ತಲೆಯ ಮೇಲಿನ ಚಂದ್ರನನ್ನು ನೀನು ಯಾರನ್ನು ಕೇಳಿ ತಂದೆ? ನಾನು ಯಾವತ್ತಾದರೂ ಕೇಳಿದ್ದೇನೆಯೇ? ನೀನೂ ಕೇಳಬೇಡ. ಒಂದೇ ಒಂದು ಕಡ್ಡಿ ಉಳಿಸಿಕೊಡು, ಸಾಕು.’

ಗೌರಿ ಹಬ್ಬ ಹತ್ತಿರ ಬಂತು. ಪ್ರತಿ ವರ್ಷ ಬಾಗಿನ ತರುವವನು ಅಣ್ಣ. ಆ ವರ್ಷ ಅವ್ವನೇ ಬಂದಳು. ನಮ್ಮ ಮನೆಗೆ ಅವಳು ಬಂದದ್ದು ಅದೇ ಮೊದಲು. ಬಾಗಿನದ ಮೊರ ಕೆಳಗಿಟ್ಟು ಹಿತ್ತಲಿಗೆ ಬಂದು, ಬಾವಿಕಟ್ಟೆಯ ಮೇಲೆ ಕೂತಳು, ಮಡಕೆಗೆ ಬೆನ್ನು ಹಾಕಿ.

‘ಗೋಡೆ ಬಿತ್ತು ಕಣಮ್ಮಿ’ ಅಂದಳು. ‘ಬುಡ ಕಡಿಯಾಕೆ ಆಳುಗಳು ಬೆವತ್ರು. ಗಟ್ಟಿ ಜೀವ. ಕಟ್ಟಿಗೆ ಹಂಡೆ ಒಲೆಗೆ ಹಾಕ್ದೆ. ಚೆನ್ನಾಗಿ ಉರೀತು.’

ಅಷ್ಟೇ. ಮಡಕೆಯ ಮಾತು ಕೇಳಲಿಲ್ಲ. ಕೇಳಬಾರದೆಂದು ಅವಳಿಗೂ ಗೊತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹಂಡೆ ಒಲೆಯ ಮಾತು ಬಂದಾಗ ಅವರ ಬಾಯಿಯ ಎಲೆಯಡಿಕೆ ಜಗಿಯುವುದು ನಿಂತಿತು. ನೇರವಾಗಿ ಮಡಕೆಯ ಹತ್ತಿರ ಬಂದರು.

‘ಬೀಗಿತ್ತಿ’ ಅಂದರು. ನನ್ನ ಮೂಲಕ ಅಲ್ಲ, ಕಂಬದ ಮೂಲಕವೂ ಅಲ್ಲ. ‘ನೀವು ತಿರುಗ್ಬ್ಯಾಡಿ. ನಿಮ್ಮ ಮಗ್ಳು ನೋಡಿ ಹೇಳ್ತಾಳೆ.’

ಚಿಗುರುವ ತನಕ ನೋಡಬಾರದೆಂಬ ಶಾಸ್ತ್ರ ಅವರದೇ. ಅದನ್ನು ಮುರಿದು ಅವರೇ ಮಡಕೆ ಎತ್ತಿದರು, ಎತ್ತಿ ಕಣ್ಣು ಮುಚ್ಚಿಕೊಂಡರು. ನಾನು ಬಗ್ಗಿದೆ. ಒಂದು ಕಡ್ಡಿ ಕಪ್ಪಗೆ ಕೊಳೆತಿತ್ತು. ಇನ್ನೊಂದು ಸೌದೆಯಾಗಿತ್ತು.

‘ಏನಮ್ಮಿ?’ ಅಂದರು ಇಬ್ಬರೂ, ಒಬ್ಬರು ಬೆನ್ನು ಹಾಕಿ, ಒಬ್ಬರು ಕಣ್ಣು ಮುಚ್ಚಿ.

‘ತಡೀರಿ.’

ಗೋಡೆಯ ಕಡೆಯ ಕಡ್ಡಿಯನ್ನು ನೋಡಿದೆ. ಹಸಿರಾಗಿತ್ತು. ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಒಂದು ಕೆಂಪು ಮೊಳಕೆ, ಅದರ ಮೇಲೆ ಇನ್ನೊಂದು, ಅದಾಗಲೇ ಎರಡು ಎಲೆ ಬಿಚ್ಚಿಕೊಂಡಿತ್ತು. ತಾಮ್ರದ ಬಣ್ಣ. ಹೇಳಿದೆ. ಅವ್ವ ತಿರುಗಲಿಲ್ಲ. ‘ಎಲೆ ಅಂಚು ಗರಗಸದಂಗೆ ಅದಾ?’ ಎಂದು ಕೇಳಿದಳು. ಅದೆ ಅಂದೆ. ‘ಎಲೆ ಬೆನ್ನಲ್ಲಿ ಸಣ್ಣ ಮುಳ್ಳು?’ ಕೈಯಿಟ್ಟು ನೋಡಿದೆ, ಚುಚ್ಚಿತು. ಶಿವಾ ಅಂದೆ. ಅವ್ವ ಬೆನ್ನು ಹಾಕಿಕೊಂಡೇ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಆ ದಿನ ಅವಳ ಎಲೆಗೆ ಅತ್ತೆ ತಾವೇ ತುಪ್ಪ ಬಡಿಸಿದರು. ಅನ್ನ ಕಾಣಿಸಲಿಲ್ಲ.

ಮಾರನೆಯ ವರ್ಷ ಚಳಿ ಹುಟ್ಟುವ ಹೊತ್ತಿಗೆ ಬಾವಿಯ ರಾಟೆಯ ಕಂಬ ಹಿಡಿದು ಬಳ್ಳಿ ಮೇಲೇರಿತು. ಮೊದಲ ಗೊಂಚಲು ಬಂದ ದಿನ ಅತ್ತೆಗೆ ಧರ್ಮಸಂಕಟ. ದೊರೆಸಾನಿ ಮನೆಯ ಹೂವು ಶಿವನಿಗೆ ಆಗುತ್ತದೆಯೇ? ಸ್ವಲ್ಪ ಹೊತ್ತು ಕೂತು ಯೋಚಿಸಿ, ‘ತಾತ ಕದ್ದ, ನಾನು ಕದ್ದೆ. ಎರಡು ಕೈ ದಾಟಿದ ಮೇಲೆ ಎಲ್ಲ ಶುದ್ಧ’ ಎಂದು ಮುಡಿಸಿಯೇಬಿಟ್ಟರು. ಹೂವಿನೊಳಗಿನ ಇರುವೆ ಲಿಂಗದ ಮೇಲೆ ಒಂದು ಸುತ್ತು ಪ್ರದಕ್ಷಿಣೆ ಹಾಕಿ ಹೋಯಿತು.

ಕೊಟ್ಟದ್ದರಿಂದಲ್ಲ, ದಿನಾ ಎಳೆದು ನೋಡಿದ್ದರಿಂದಲೇ ಹಿಂದಿನ ಕಡ್ಡಿಗಳು ಸತ್ತವು ಎಂದು ಯಜಮಾನರು ಇವತ್ತಿಗೂ ವಾದಿಸುತ್ತಾರೆ. ಇರಬಹುದು. ಗಂಡಸರು ಯಾವುದಕ್ಕಾದರೂ ಒಂದು ಕಾರಣ ಹುಡುಕಿಕೊಂಡು ನೆಮ್ಮದಿಯಾಗಿದ್ದರೆ ಅದೂ ಶಿವನ ದಯೆಯೇ.

ಅಣ್ಣನ ಲಾರಿ ಬಂತು, ದಸರಾ ಕಳೆದು ಇನ್ನೊಂದು ದಸರಾ ಆದ ಮೇಲೆ. ರಸ್ತೆಯಲ್ಲಿ ಓಡಿದ್ದಕ್ಕಿಂತ ಹೆಚ್ಚು ದಿನ ಅಂಗಳದಲ್ಲಿ ನಿಂತಿತ್ತು. ಅದರ ಮೇಲೆ ಅವ್ವ ಸಂಡಿಗೆ ಒಣಗಿಸುತ್ತಿದ್ದಳು. ಗೇಟಿನ ಎರಡು ಕಂಬ ಮಾತ್ರ ಬೋಳಾಗಿ ನಿಂತಿದ್ದವು. ಅದರ ಮುಂದಿನ ಶ್ರಾವಣದಲ್ಲಿ, ಯಾವ ಹಬ್ಬವೂ ಇಲ್ಲ, ಶಾಸ್ತ್ರವೂ ಇಲ್ಲ, ಅವ್ವ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದಿಳಿದಳು. ‘ಸುಮ್ಕೆ ಬಂದೆ’ ಅಂದಳು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, ‘ಬನ್ನಿ ಬೀಗಿತ್ತಿ’ ಅಂದರು. ಆ ರಾತ್ರಿ ಅವರ ಅಡಕೆಕತ್ತರಿ ಎಲೆಯಡಿಕೆ ಚೀಲದೊಳಗೆ ಹೋಗಲಿಲ್ಲ, ಬಾವಿಕಟ್ಟೆಯ ಮೇಲೆ ಉಳಿಯಿತು. ಮರೆವು ಎಂದು ನಾನಂದುಕೊಂಡೆ.

ಬೆಳಿಗ್ಗೆ ಕೊಡ ಹಿಡಿದು ಹಿತ್ತಲಿಗೆ ಹೋದರೆ ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ, ಗೋಡೆಯೊಂದಿಗೆ ಗಟ್ಟಿಯಾಗಿ ಮಾತಾಡುತ್ತಿದ್ದಾರೆ. ‘ಹೂ ಬುಟ್ಟ ಕಡ್ಡಿ ರಾಟೆ ಕಂಬದ ಆಚೆ ಕಡೆ ಅವೆ ಅಂತ ಯಾರ್ಗೂ ಹೇಳ್ಬ್ಯಾಡ ಕಣಪ್ಪ. ಕಳ್ರು ಜಾಸ್ತಿಯಾಗವ್ರೆ.’ ನನ್ನನ್ನು ಕಂಡು, ಕೆಮ್ಮಬೇಡ ಎಂದು ಕಣ್ಣಲ್ಲೇ ಹೇಳಿದರು.

ಕಟಕ್ ಎಂದು ಕತ್ತರಿಯ ಸದ್ದಾಯಿತು. ಬಳ್ಳಿ ಅಲ್ಲಾಡಿತು. ಮತ್ತೆ ಅಲ್ಲಾಡಿತು. ಆಮೇಲೆ ಅಲ್ಲಾಡುವುದೂ ನಿಂತುಹೋಗಿ, ಒಳಗಿನಿಂದ ಮೆಲ್ಲಗೆ ‘ಶಿವಾ’ ಎಂದು ಕೇಳಿತು.

ಅತ್ತೆ ತಿರುಗಲಿಲ್ಲ. ಬಾಯಿಯ ಎಲೆಯಡಿಕೆ ಪಕ್ಕಕ್ಕೆ ಉಗಿದು, ಎರಡು ಕೈಯನ್ನೂ ಹಿಂದಕ್ಕೆ ಚಾಚಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯತೊಡಗಿದರು.